ಓದಿದ್ದರಲ್ಲಿ ಅರ್ಧ ಪಾಲು

ಊರಿನ ವಾಚನಾಲಯದ ಜವಾನ ತಿಮ್ಮೇಶಿ ಅಲ್ಲಿನ ಪುಸ್ತಕ ಓದಿಯೇ ಷೇರು ವ್ಯವಹಾರ ಕಲಿತ. ಒಂದಿಷ್ಟು ಷೇರು ಕೊಂಡು, ಆತುರಪಡದೆ ಮೂರು ವರ್ಷ ಕಾದ. ಹೆಂಡತಿಗೆ ಹೊಲಿಗೆ ಯಂತ್ರ ಕೊಳ್ಳುವಷ್ಟು ಲಾಭ ಬಂತು.

ಸುದ್ದಿ ತಿಳಿದು, ವಾಚನಾಲಯ ಸಮಿತಿಯ ಸಭೆಯಲ್ಲಿ ಅಧ್ಯಕ್ಷ ಗುರುಬಸಪ್ಪನವರು ಮೇಜು ಗುದ್ದಿದರು. "ಪುಸ್ತಕ ವಾಚನಾಲಯದ್ದು. ಲಾಭದಲ್ಲೂ ಅರ್ಧ ವಾಚನಾಲಯದ್ದೇ. ನಾಳೆ ತಂದಿಡು, ಇಲ್ಲಾ ಕೆಲಸ ಬಿಡು!"

ಅರ್ಧ ಕೊಟ್ಟರೆ ಯಂತ್ರ ಬರುವುದಿಲ್ಲ. ತಿಮ್ಮೇಶಿ ತಲೆ ಕೆರೆದುಕೊಂಡ.

"ಆಗಲಿ ಸ್ವಾಮಿ. ನಿಯಮ ಎಲ್ಲರಿಗೂ ಒಂದೇ ಅಲ್ವಾ?"

"ಒಂದೇ!"

ತಿಮ್ಮೇಶಿ ಪುಸ್ತಕ ಒಯ್ದವರ ರಿಜಿಸ್ಟರ್ ತೆರೆದ. "ನಿಮ್ಮನೆ ಅಮ್ಮಾವ್ರು ಅಡುಗೆ ಪುಸ್ತಕ ಒಯ್ದಿದ್ದಾರೆ. ಮಧ್ಯಾಹ್ನ ಕ್ಯಾರಿಯರ್ ತಂದು ಅರ್ಧ ಊಟ ತುಂಬಿಸ್ಕೊಂಡು ಬರ್ತೀನಿ."

ಸದಸ್ಯರು ಕಿಸಕ್ಕೆಂದರು.

"ತಾವು ಚುನಾವಣೆಗೆ ಮೊದಲು ಭಾಷಣ ಕಲಿಸೋ ಪುಸ್ತಕ ಒಯ್ದಿದ್ರಿ. ಆ ಭಾಷಣ ಕೇಳೇ ಇವರೆಲ್ಲ ಓಟು ಹಾಕಿದ್ದು. ಹಾಗಾಗಿ ಕುರ್ಚೀಲೂ ಅರ್ಧ ವಾಚನಾಲಯದ್ದು. ಸ್ವಲ್ಪ ಸರೀರಿ ಸ್ವಾಮಿ."

ಅಧ್ಯಕ್ಷರು ಗೊತ್ತಿಲ್ಲದೆ ಸರಿದೇಬಿಟ್ಟರು. ಸಭೆ ಹೊಟ್ಟೆ ಹಿಡಿದು ನಕ್ಕಿತು. ಕೊನೆಗೆ ಅವರಿಗೂ ನಗು ತಡೆಯಲಾಗಲಿಲ್ಲ.

"ಹೋಗಯ್ಯಾ, ಯಂತ್ರ ತಗೋ. ಆ ಷೇರಿನ ಪುಸ್ತಕ ನನ್ನ ಹೆಸರಿಗೆ ಬರ್ಕೋ."

"ಮೊದಲು ನಿಯಮ ರದ್ದು ಅಂತ ಸಹಿ ಹಾಕಿ ಸ್ವಾಮಿ," ಎಂದ ತಿಮ್ಮೇಶಿ. "ನಾಳೆ ನಿಮಗೂ ಲಾಭ ಬಂದರೆ ಕಷ್ಟ."