ನೀಲಾಂಬಿಕಾ ಕಟ್ಟಿಸಿದ ಜಗಲಿ

ಗದಗಿನಲ್ಲಿ ನೀಲಾಂಬಿಕಾ ಎಂಬ ವಾಸ್ತುಶಿಲ್ಪಿ ಇದ್ದಳು. ಬೆಳಿಗ್ಗೆ ಜನರ ಮನೆಗಳಿಗೆ ನಕ್ಷೆ ಬರೆಯುತ್ತಿದ್ದಳು. ಮಧ್ಯಾಹ್ನ ಕಾಲೇಜಿನಲ್ಲಿ ಪಾಠ. ಭಾನುವಾರ ವಿದ್ಯಾರ್ಥಿಗಳ ಜೊತೆ ಹಳೆಯ ಓಣಿಗಳಿಗೆ ಹೋಗಿ, ಉಳಿದಿರುವ ಜಗಲಿಗಳನ್ನು ಟೇಪು ಹಿಡಿದು ಅಳೆಯುತ್ತಿದ್ದಳು. ಯಾವ ಜಗಲಿಯ ಮೇಲೆ ಜನ ಕೂರುತ್ತಾರೆ, ಯಾವುದರ ಮೇಲೆ ಕೂರುವುದಿಲ್ಲ, ಏಕೆ? ಇದು ಅವಳ ಸಂಶೋಧನೆ.

ಅವಳು ಬೆಳೆದ ಓಣಿಯಲ್ಲೂ ಜಗಲಿಗಳಿದ್ದವು. ಸಂಜೆಯಾದರೆ ಎದುರು ಮನೆಯ ಮೆಹಬೂಬಿ ಕೇಳದೆಯೇ ಬಂದು ಅವಳ ಪಕ್ಕ ಕೂರುತ್ತಿದ್ದಳು. ರಸ್ತೆ ಅಗಲವಾದಾಗ ಜಗಲಿಗಳು ಹೋದವು. ಮೆಹಬೂಬಿಯ ಮನೆಯವರೂ ಊರು ಬಿಟ್ಟರು. ಹಾಗೆ ಯಾರಾದರೂ ಕೇಳದೆ ಬಂದು ಕೂರಲಿ ಎಂದು ನೀಲಾಂಬಿಕಾ ಇಂದಿಗೂ ಹಂಬಲಿಸುತ್ತಿದ್ದಳು.

ಒಮ್ಮೆ ಕಾಳಿನ ವ್ಯಾಪಾರಿ ಕೊಟ್ರಪ್ಪ ತನ್ನ ಹೊಸ ಮನೆಯ ನಕ್ಷೆ ನೋಡಲು ಅವಳ ಮನೆಗೆ ಬಂದ. ನಕ್ಷೆಯಲ್ಲಿ ಬೀದಿಯ ಕಡೆಗೆ ಒಂದು ಜಗಲಿ ಇತ್ತು.

"ಇದನ್ನ ತಗದು ಕಾಂಪೌಂಡ್ ಹಾಕ್ರಿ ಮೇಡಂ. ಕಂಡಕಂಡವ್ರೆಲ್ಲ ಬಂದು ಕೂಡ್ತಾರ."

"ಕೂಡ್ಲಿ ಅಂತನ ಹಾಕೀನ್ರಿ."

ಕೊಟ್ರಪ್ಪ ನಕ್ಕ. "ಹಂಗಾರ ನಿಮ್ಮ ಮನಿ ಮುಂದ ಯಾಕ ಆಳೆತ್ತರದ ಗ್ವಾಡಿ ಐತ್ರೀ? ಗೇಟಿಗೆ ಬ್ಯಾರೆ ಕೀಲಿ!"

ಅವಳು ಕಿಟಕಿಯಾಚೆ ತನ್ನ ಗೋಡೆಯತ್ತ ನೋಡಿದಳು. ಈ ಮನೆಯ ನಕ್ಷೆಯೂ ಅವಳದೇ. ಕಾರು ನಿಲ್ಲಿಸಲು ಜಾಗ ಬೇಕಿತ್ತು. ಎಲ್ಲರಿಗೂ ಬರೆದಂತೆ ತನಗೂ ಗೋಡೆ ಬರೆದುಕೊಂಡಿದ್ದಳು.

"ಒಂದ್ ತಿಂಗಳ ಬಿಟ್ಟು ಬರ್ರಿ" ಎಂದಳು.

ಮರುವಾರ ಗೋಡೆ ಒಡೆಸಿದಳು. ಕಾರಿಗೆ ಬೇರೆ ಕಡೆ ಜಾಗ ಹುಡುಕಿದಳು. ಅಳೆದು ಅಳೆದು ಕಲಿತದ್ದನ್ನೆಲ್ಲ ಸೇರಿಸಿ ಜಗಲಿ ಕಟ್ಟಿಸಿದಳು. ಮೊಣಕಾಲೆತ್ತರ, ನುಣುಪಾದ ಕಲ್ಲು, ಸಂಜೆಗೆ ನೆರಳು. ಯಾರೂ ಬರಲಿಲ್ಲ. ಗೋಡೆಗಳಿಗೆ ಒಗ್ಗಿದ ಜನ ನೋಡಿಕೊಂಡು ಮುಂದೆ ನಡೆದರು.

ಅವಳೇ ವಿದ್ಯಾರ್ಥಿಗಳ ನಕ್ಷೆಗಳನ್ನು ತಂದು ಅಲ್ಲಿ ಕೂತು ತಿದ್ದತೊಡಗಿದಳು. ಒಂದು ಸಂಜೆ ಹೂ ಮಾರುವವಳು ಬುಟ್ಟಿ ಇಳಿಸಿದಳು.

"ಯಕ್ಕಾ, ಒಂದೀಟ ಕೂಡ್ಲೇನ?"

"ಕೂಡವಾ."

ಸಂತೋಷವಾಯಿತು. ಆದರೂ ಆಕೆ ಕೇಳಿಯೇ ಕೂತಳಲ್ಲ ಎಂದು ಮನಸ್ಸು ಚುರುಕ್ಕೆಂದಿತು.

ತಿಂಗಳು ಕಳೆಯಿತು. ನೀಲಾಂಬಿಕಾ ಕಾಲೇಜಿನಿಂದ ಬರುವಾಗ ಓಣಿಯ ತಿರುವಿನಲ್ಲೇ ನಿಂತಳು. ಕೊಟ್ರಪ್ಪ ಚಪ್ಪಲಿ ಬಿಟ್ಟು, ಕಾಲು ಮಡಚಿ ಜಗಲಿಯ ಮೇಲೆ ಕೂತಿದ್ದ. ಹೂವಿನವಳ ಜೊತೆ ಜೋರಾಗಿ ಮಾತು ನಡೆದಿತ್ತು. ಅವನು ಯಾರನ್ನೂ ಕೇಳಿರಲಿಲ್ಲ.

ಅವಳನ್ನು ಕಂಡರೂ ಏಳಲಿಲ್ಲ. ಕಲ್ಲು ತಟ್ಟಿ ಕರೆದ. "ಬರ್ರಿ ಮೇಡಂ, ಕೂಡ್ರಿ. ನಮ್ಮದೂ ಇಷ್ಟ ಎತ್ತರ ಇರ್ಲಿ."

ಅವಳು ಕೂತಳು. ಪಕ್ಕದಲ್ಲಿ ಇನ್ನೊಬ್ಬರಿಗೆ ಆಗುವಷ್ಟು ಜಾಗ ಬಿಟ್ಟು.

ನೀತಿ: ನಾವು ಹಂಬಲಿಸುವುದನ್ನು ಬೇರೆಯವರಿಗೆ ಬೋಧಿಸಿದರೆ ಸಾಲದು. ಮೊದಲು ನಮ್ಮ ಬಾಗಿಲಿನ ಮುಂದೆ ಅದಕ್ಕೆ ಜಾಗ ಮಾಡಬೇಕು.