ತುಂಗಕ್ಕನ ಜಾಲರಿ, ನರಿಯ ಹಿಂಬಾಗಿಲು

ಒಂದು ಕಾಡಿನಲ್ಲಿ ಎಲ್ಲ ಪ್ರಾಣಿಗಳಿಗೂ ಬಿಸಿನೀರಿನ ಹುಚ್ಚು. ಅದು ಎತ್ತರದ ಗುಡ್ಡದ ಮೇಲಿನ ಕಾಡು. ಅಲ್ಲಿಗೆ ಚಳಿ ಬಂತೆಂದರೆ ಬೇಗ ಹೋಗುತ್ತಿರಲಿಲ್ಲ. ಅದಕ್ಕೇ ಪ್ರತಿ ಮನೆಯ ಬಚ್ಚಲಿನಲ್ಲೂ ಒಂದು ತಾಮ್ರದ ಬಾಯ್ಲರ್ ಇತ್ತು. ದುಂಡನೆಯ ಹೊಟ್ಟೆ, ಅದರ ನಡುವೆ ಬೆಂಕಿ ಹಾಕುವ ಕೊಳವೆ, ಕೊಳವೆಯ ತಳದಲ್ಲಿ ಕೆಂಡ ಹಿಡಿದಿಡುವ ಕಬ್ಬಿಣದ ಜಾಲರಿ, ಪಕ್ಕದಲ್ಲಿ ಹಿತ್ತಾಳೆಯ ನಲ್ಲಿ.

ಅವನ್ನೆಲ್ಲ ಮಾಡಿಕೊಟ್ಟವನು ಭೀಮಜ್ಜ ಎಂಬ ಮುದಿ ಕರಡಿ. "ತಾಮ್ರ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಬರುತ್ತೆ. ಜಾಲರಿ ಮಾತ್ರ ಸುಟ್ಟುಹೋಗುತ್ತೆ. ನಾನು ಹೋದ ಮೇಲೆ ನಿಮ್ಮ ಬಚ್ಚಲು ತಣ್ಣಗಾಗಬಾರದು" ಎಂದು ಅವನು ಎಲ್ಲ ಮನೆಗಳಿಗೂ ಸಾಕಾಗುವಷ್ಟು ಜಾಲರಿ, ನಲ್ಲಿಗಳನ್ನು ಮಾಡಿ ತನ್ನ ಕುಲುಮೆಯಲ್ಲಿ ಪೇರಿಸಿಟ್ಟಿದ್ದ.

ಒಂದು ಮಳೆಗಾಲದಲ್ಲಿ ಭೀಮಜ್ಜ ತೀರಿಕೊಂಡ. ಅವನ ನೆರೆಯ ನರಿ ಕೆಂಚಣ್ಣ ಎಲ್ಲರ ಮನೆಗೂ ಅಳುತ್ತಾ ಬಂದು, "ಕುಲುಮೆ ಕುಸಿದುಬಿತ್ತು. ಸಾಮಾನೆಲ್ಲ ಹಳ್ಳದಲ್ಲಿ ಕೊಚ್ಚಿಕೊಂಡು ಹೋಯ್ತು" ಎಂದ. ಎಲ್ಲರೂ ನಂಬಿದರು. ಮಳೆ ನಿಂತ ಮೇಲೆ ಅದೇ ಕೆಂಚಣ್ಣ ಆಲದ ಮರದ ಕೆಳಗೆ ತಗಡಿನ ಬಾಯ್ಲರುಗಳ ಅಂಗಡಿ ತೆರೆದ. ಹಳೆಯ ತಾಮ್ರದ್ದನ್ನು ಕೊಟ್ಟವರಿಗೆ ಹೊಸ ತಗಡಿನದನ್ನು ಕೊಡುತ್ತಿದ್ದ.

ಆ ಮಳೆಗಾಲದಲ್ಲೇ ಮುಳ್ಳುಹಂದಿ ತುಂಗಕ್ಕನ ಗಂಡನೂ ಸತ್ತಿದ್ದ. ಪ್ರತಿ ವರ್ಷ ದೀಪಾವಳಿಗೆ ಮುಂಚೆ, ನೀರು ತುಂಬುವ ಹಬ್ಬದ ದಿನ, ಬಾಯ್ಲರನ್ನು ಹುಣಸೆಹಣ್ಣು ಹಾಕಿ ಉಜ್ಜುವುದು ಅವನ ಕೆಲಸವಾಗಿತ್ತು. ಈ ವರ್ಷ ತುಂಗಕ್ಕ ಒಬ್ಬಳೇ ಉಜ್ಜಿದಳು. ಅದರ ಕುತ್ತಿಗೆಗೆ ಹಾಗಲ ಬಳ್ಳಿ ಕಟ್ಟಿದಳು. ನೀರು ತುಂಬಿ ಬೆಂಕಿ ಹಾಕಿದಳು. ಒಳಗೆ ಟಣ್ ಎಂದು ಸದ್ದಾಯಿತು. ಸವೆದಿದ್ದ ಜಾಲರಿ ಎರಡು ಹೋಳಾಗಿ, ಕೆಂಡವೆಲ್ಲ ಬೂದಿಗೆ ಬಿದ್ದು ಆರಿಹೋಯಿತು.

ಬೇರೆ ವರ್ಷವಾಗಿದ್ದರೆ ತಣ್ಣೀರಿನಲ್ಲೇ ಹಬ್ಬ ಮುಗಿಸುತ್ತಿದ್ದಳೇನೋ. ಆದರೆ ಮನೆಯಲ್ಲಿ ಮಗಳು ಸಿರಿ ಬಾಣಂತಿ. ಕೂಸಿನ ಮುಳ್ಳು ಇನ್ನೂ ಕೂದಲಿನಷ್ಟು ಮೆತ್ತಗೆ. ಚಳಿ ನೇರವಾಗಿ ಅದರ ಮೈಗೆ ಇಳಿಯುತ್ತಿತ್ತು. ತುಂಗಕ್ಕ ಅಡುಗೆ ಒಲೆಯ ಮೇಲೆ ಗಡಿಗೆಯಲ್ಲಿ ನೀರು ಕಾಯಿಸಿದಳು. ಎರಡನೆಯ ಗಡಿಗೆ ಕಾಯುವಷ್ಟರಲ್ಲಿ ಮೊದಲನೆಯದು ಆರಿರುತ್ತಿತ್ತು. ಸಂಜೆಯ ಹೊತ್ತಿಗೆ ಕೂಸಿನ ಪಾದ ಹಳ್ಳದ ಕಲ್ಲಿನಂತೆ ತಣ್ಣಗಾಯಿತು. ಹಾಲು ಕುಡಿಯುವುದನ್ನೂ ನಿಲ್ಲಿಸಿತು.

"ಅವ್ವಾ, ಏನಾದ್ರೂ ಮಾಡೇ" ಎಂದಳು ಸಿರಿ.

ತುಂಗಕ್ಕ ಮುರಿದ ಜಾಲರಿಯ ಹೋಳುಗಳನ್ನು ಹಿಡಿದು ನರಿಯ ಅಂಗಡಿಗೆ ಓಡಿದಳು.

"ಬನ್ನಿ ತುಂಗಕ್ಕ, ಬನ್ನಿ. ಏನಿದು, ದೋಸೆ ಹಂಚು ಮುರೀತಾ?"

"ಬಾಯ್ಲರಿನ ಜಾಲರಿ. ಇಂಥದ್ದು ಒಂದು ಬೇಕು ಕೆಂಚಣ್ಣ."

ನರಿ ಹೋಳುಗಳನ್ನು ತಿರುಗಿಸಿ ಮುರುಗಿಸಿ ನೋಡಿ ನಿಟ್ಟುಸಿರು ಬಿಟ್ಟ. "ಅಯ್ಯೋ, ಇದೆಲ್ಲಿ ಸಿಗುತ್ತೆ ಈಗ? ಮಾಡೋರು ಸತ್ತರು, ಮಾರೋರು ಸತ್ತರು. ಹಳೇದು ಬಿಡಿ ಅಕ್ಕ, ಹೊಸದು ತಗೊಳ್ಳಿ."

"ಅದು ನಮ್ಮ ಮನೆಯವರು ಉಜ್ಜಿ ಉಜ್ಜಿ ಇಟ್ಟಿದ್ದ ಬಾಯ್ಲರು."

"ಅವರೂ ಇಲ್ಲವಲ್ಲಕ್ಕಾ" ಎಂದ ನರಿ ಮೆತ್ತಗೆ. "ಇಲ್ಲದ್ದು ಇಲ್ಲ. ಎಷ್ಟು ಅತ್ತರೂ ಬರಲ್ಲ. ಬೆಳಿಗ್ಗೆ ಅದನ್ನ ಹೊರಿಸಿಕೊಂಡು ಬನ್ನಿ. ಕೂಸಿನ ಮುಖ ನೋಡಿ ಒಳ್ಳೇ ತಗಡಿಂದೇ ಕೊಡ್ತೀನಿ."

ತುಂಗಕ್ಕ ಹೋಳುಗಳನ್ನು ಚೀಲಕ್ಕೆ ಹಾಕಿಕೊಂಡಳು. ಇಲ್ಲದ್ದು ಇಲ್ಲ ಎಂಬುದು ಅವಳಿಗಿಂತ ಚೆನ್ನಾಗಿ ಆ ಕಾಡಿನಲ್ಲಿ ಯಾರಿಗೆ ಗೊತ್ತಿತ್ತು? ಮನೆಗೆ ಹೋಗಿ ಕೂಸನ್ನು ಹೊಟ್ಟೆಯಡಿ ಇಟ್ಟುಕೊಂಡು ಬೆಳಗು ಮಾಡಿದಳು. ಬಾಯ್ಲರನ್ನು ಕೊಟ್ಟುಬಿಡುವುದೆಂದು ತೀರ್ಮಾನಿಸಿದಳು.

ಬೆಳಿಗ್ಗೆ, ಬಾಯ್ಲರನ್ನು ಹೊರಲು ಆಳು ಕಳಿಸೆಂದು ನರಿಗೆ ಹೇಳಲು ಅದೇ ಚೀಲ ಹಿಡಿದು ಹೊರಟಳು. ದಾರಿಯಲ್ಲಿ ಮೊಲ ನಿಂಗಿ ಸಿಕ್ಕಿದಳು. ಅವಳ ಮೈಯೆಲ್ಲ ಮಸಿ.

"ಹಬ್ಬದ ದಿನ ಇದೇನೇ ನಿಂಗಿ, ಸ್ನಾನ ಇಲ್ವಾ?"

"ಎಲ್ಲೀ ಸ್ನಾನ ಅಕ್ಕಾ! ಆ ನರಿ ಕೊಟ್ಟ ತಗಡಿನ ಡಬ್ಬ ತಳ ಬಿಟ್ಟಿದೆ. ನೀರೆಲ್ಲ ಬೆಂಕಿ ಮೇಲೇ ಸುರಿಯುತ್ತೆ. ಅದು ಸೋರದೇ ಇದ್ದಾಗಲೂ ಬರೀ ಕಿವಿ ತೊಳೆಯೋಕೆ ಆಗುವಷ್ಟು ಕಾಯ್ತಿತ್ತು. ನನ್ನ ಕಿವಿಯೇನೋ ಉದ್ದ, ಆದ್ರೂ!"

ತುಂಗಕ್ಕ ಆಲದ ಮರದ ಬಳಿಗೆ ಬಂದಾಗ ಕೆಂಚಣ್ಣ ಆಗತಾನೇ ಅಂಗಡಿಯ ಬಾಗಿಲು ತೆಗೆಯುತ್ತಿದ್ದ. ಹಣೆಗೆ ಕುಂಕುಮ ಇಟ್ಟಿದ್ದ. ಮೈಯಿಂದ ಸೀಗೆಕಾಯಿಯ ವಾಸನೆ ಬರುತ್ತಿತ್ತು. ಆ ಚಳಿಯಲ್ಲಿ ಅವನ ದಪ್ಪ ಬಾಲದಿಂದ ಹಬೆ ಏಳುತ್ತಿತ್ತು.

ತುಂಗಕ್ಕ ಆ ಬಾಲವನ್ನೇ ನೋಡಿದಳು.

"ಎಣ್ಣೆಸ್ನಾನ ಆಯ್ತಾ ಕೆಂಚಣ್ಣ?"

"ಆಯ್ತಕ್ಕ. ಹಬ್ಬ ಅಲ್ವಾ!"

"ಯಾವ ಬಾಯ್ಲರಿನಲ್ಲಿ?"

"ಇದೇ, ನಾನು ಮಾರೋದೇ. ಬೇರೆ ಯಾವುದಿದೆ?"

ಮೊಲದ ಕಿವಿಗೆ ಸಾಲದ ಡಬ್ಬ ನರಿಯ ಇಂಥಾ ಬಾಲಕ್ಕೆ ಹೇಗೆ ಸಾಕಾಯಿತು? ತುಂಗಕ್ಕ ಇದನ್ನು ಬಾಯಿಬಿಟ್ಟು ಕೇಳಲಿಲ್ಲ. "ಯೋಚನೆ ಮಾಡಿ ಬರ್ತೀನಿ" ಎಂದು ಹೊರಟಳು. ಮನೆಯ ದಾರಿ ಬಿಟ್ಟು ನರಿಯ ಬಿಲದ ದಾರಿ ಹಿಡಿದಳು.

ಬಿಲದ ಬಾಗಿಲಲ್ಲಿ ನಿಂತರೆ ಸಾಕಾಗಿತ್ತು, ಬಚ್ಚಲು ಕಾಣುತ್ತಿತ್ತು. ಅಲ್ಲಿ ಭೀಮಜ್ಜನ ಕೈಯ ತಾಮ್ರದ ಬಾಯ್ಲರ್ ಕುಳಿತಿತ್ತು. ಅದರ ತಳದಲ್ಲಿ ಹೊಸ ಜಾಲರಿ, ಜಾಲರಿಯ ಮೇಲೆ ಇನ್ನೂ ಆರದ ಕೆಂಡ. ಅದರ ಹಿಂದೆ ಹಿಂಬಾಗಿಲಿಗೆ ಹೋಗುವ ಸುರಂಗ. ನರಿಯ ಬಿಲಕ್ಕೆ ಯಾವಾಗಲೂ ಎರಡು ಬಾಗಿಲು. ಅಪಾಯ ಬಂದಾಗ ಓಡಲು ಹಿಂಬಾಗಿಲನ್ನು ಖಾಲಿ ಬಿಟ್ಟಿರುತ್ತಾರೆ. ಕೆಂಚಣ್ಣನ ಹಿಂಬಾಗಿಲು ಖಾಲಿ ಇರಲಿಲ್ಲ. ನೆಲದಿಂದ ಸೂರಿನ ತನಕ ಅಲ್ಲಿ ಜಾಲರಿಗಳು, ನಲ್ಲಿಗಳು, ಮುಚ್ಚಳಗಳು. ಎಲ್ಲವೂ ಭೀಮಜ್ಜನವು. ಎಲ್ಲವೂ ಈ ಕಾಡಿನವು.

ತುಂಗಕ್ಕನ ಮೈಮೇಲಿನ ಒಂದೊಂದು ಮುಳ್ಳೂ ಎದ್ದು ನಿಂತಿತು. ಅವು ಗರಗರ ಸದ್ದು ಮಾಡತೊಡಗಿದವು. ಗಂಡ ಸತ್ತಾಗಲೂ ಅವಳು ಯಾರ ಮೇಲೂ ಸಿಟ್ಟಾಗಿರಲಿಲ್ಲ. ಸಿಟ್ಟಾಗಲು ಅಲ್ಲಿ ಯಾರೂ ಇರಲಿಲ್ಲ. ಇಲ್ಲಿ ಕೆಂಚಣ್ಣ ಇದ್ದ. ಇರುವುದನ್ನು ಇಲ್ಲ ಎಂದಿದ್ದ. ಸತ್ತವರನ್ನು ಸಾಕ್ಷಿಗೆ ಕರೆದು ಇಲ್ಲ ಎಂದಿದ್ದ. ಮನೆಯಲ್ಲಿ ಕೂಸು ತಣ್ಣಗಾಗುತ್ತಿದ್ದಾಗ ಇವನು ಬಾಲಕ್ಕೆ ಸೀಗೆಕಾಯಿ ಹಚ್ಚಿಕೊಂಡಿದ್ದ!

ಆ ಗರಗರ ಸದ್ದಿಗೇ ಅರ್ಧ ಕಾಡು ಓಡಿಬಂತು. ಮುಂದೆ ಕಾಡುಕೋಣ ಮಾದಪ್ಪ, ಹಿಂದೆ ನಿಂಗಿ ಮತ್ತು ಅವಳ ಬಳಗ. ತುಂಗಕ್ಕ ತೋರಿಸಿದ ರಾಶಿಯನ್ನು ಎಲ್ಲರೂ ಕಂಡರು. ನರಿಯ ಕಿವಿಗೂ ಸದ್ದು ಬಿದ್ದಿತ್ತು. ಗುಟ್ಟು ಬಯಲಾಗುವ ಮೊದಲೇ ಬಾಗಿಲು ಮುಚ್ಚಿಕೊಳ್ಳಲು ಅವನು ಅಂಗಡಿ ಬಿಟ್ಟು ಎದ್ದುಬಿದ್ದು ಬಂದು, ಎಲ್ಲರ ಕಾಲ ಸಂದಿಯಲ್ಲಿ ನುಸುಳಿ ಬಿಲದೊಳಗೆ ಹೊಕ್ಕ.

"ಹೊರಗೆ ಬಾರೋ ಕಳ್ಳಾ!" ಎಂದು ಮಾದಪ್ಪ ಮುಂಬಾಗಿಲಿಗೆ ಕೊಂಬು ಅಡ್ಡ ಇಟ್ಟ.

ಕಾಯುತ್ತಾ ನಿಂತಿರಲಿ ಇವರು, ನಾನು ಹಿಂದಿನಿಂದ ಜಾರಿಕೊಳ್ಳುತ್ತೇನೆ ಎಂದುಕೊಂಡು ಕೆಂಚಣ್ಣ ಸುರಂಗಕ್ಕೆ ನೆಗೆದ. ಭಯದಲ್ಲಿ ತಾನೇ ತುಂಬಿಸಿದ್ದು ಮರೆತುಹೋಗಿತ್ತು. ತಲೆ ಕಬ್ಬಿಣಕ್ಕೆ ಬಡಿಯಿತು. ಪೇರಿಸಿದ ರಾಶಿ ಧಡಧಡನೆ ಅವನ ಮೇಲೆ ಕುಸಿಯಿತು. ಮೂತಿಯೊಂದೇ ಹೊರಗೆ ಉಳಿಯಿತು. ಬಾಲ ಎಲ್ಲಕ್ಕಿಂತ ಕೆಳಗೆ ಸಿಕ್ಕಿಕೊಂಡಿತು.

"ಅಯ್ಯೋ! ಎಳೀರಪ್ಪಾ ಯಾರಾದ್ರೂ! ತುಂಗಕ್ಕಾ! ನನ್ನ ಬಾಲ ಹೋಯ್ತು!"

ತುಂಗಕ್ಕ ಅವನ ಮುಂದೆ ಬಂದು ನಿಂತಳು. ಮುಳ್ಳುಗಳು ಇನ್ನೂ ಇಳಿದಿರಲಿಲ್ಲ.

"ಎಳೆಯೋರು ಸತ್ತರು ಕೆಂಚಣ್ಣ, ಬಿಡಿಸೋರು ಸತ್ತರು. ಹಳೇ ಬಾಲ ಬಿಡು, ಹೊಸದು ತಗೋ."

ನಿಂಗಿ ಬಿದ್ದು ಬಿದ್ದು ನಕ್ಕಳು. ತುಂಗಕ್ಕ ನಗಲಿಲ್ಲ. ರಾಶಿಯಿಂದ ಒಂದು ಜಾಲರಿ ಎತ್ತಿಕೊಂಡು, ಮುರಿದ ಹೋಳುಗಳನ್ನು ಅದರ ಮೇಲಿಟ್ಟು ಅಳತೆ ನೋಡಿದಳು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. "ಅವರವರ ಮನೆಗೆ ಬೇಕಾದ್ದನ್ನು ಅವರವರು ತಗೊಳ್ಳಿ. ರಾಶಿ ಕರಗಿದಾಗ ಇವನು ತಾನೇ ಹೊರಗೆ ಬರ್ತಾನೆ" ಎಂದಳು. ಯಾರೂ ಅವಸರ ಮಾಡಲಿಲ್ಲ. ದೂರದ ಮನೆಯವರೂ ಬಂದು ಆರಿಸಿ ಆರಿಸಿ ಕೊಂಡುಹೋದರು. ತಾಮ್ರ ಕೊಟ್ಟು ಮೋಸಹೋದವರು ಬಿಲದ ಮೂಲೆಯಲ್ಲೂ ನರಿಯ ಬಚ್ಚಲಿನಲ್ಲೂ ಇದ್ದ ತಮ್ಮ ತಮ್ಮ ಬಾಯ್ಲರುಗಳನ್ನು ಉರುಳಿಸಿಕೊಂಡು ನಡೆದರು.

ಅಷ್ಟರಲ್ಲಿ ತುಂಗಕ್ಕನ ಬಚ್ಚಲಿನಲ್ಲಿ ಕೆಂಡ ಜಾಲರಿಯ ಮೇಲೆ ನಿಂತು ಕೆಂಪಾಗಿತ್ತು. ಅವಳು ಕಾಲು ಚಾಚಿ ಕುಳಿತು, ಮುಳ್ಳುಗಳನ್ನೆಲ್ಲ ಬೆನ್ನಿಗೆ ಒತ್ತಿ ಮಡಿಸಿಕೊಂಡು, ಕೂಸನ್ನು ಕಾಲ ಮೇಲೆ ಮಲಗಿಸಿದಳು. ಸಿರಿ ನಲ್ಲಿ ತಿರುಗಿಸಿ ತಂಬಿಗೆಯಿಂದ ನೀರು ಹೊಯ್ದಳು. ಪಾದ ಮೊದಲು ಕೆಂಪಾಯಿತು, ಆಮೇಲೆ ಹೊಟ್ಟೆ, ಆಮೇಲೆ ಕೆನ್ನೆ. ಕೂಸು ಬಾಯಿ ತೆರೆದು ಇಡೀ ಗುಡ್ಡಕ್ಕೆ ಕೇಳುವಂತೆ ಅತ್ತಿತು. ಹಾಲಿಗಾಗಿ ಅತ್ತಿತು.

ಕತ್ತಲಾಗುವ ಹೊತ್ತಿಗೆ ಕೆಂಚಣ್ಣ ಮಣ್ಣು, ಮಸಿ ಮೆತ್ತಿಕೊಂಡು, ಕೂದಲು ಕಿತ್ತುಹೋದ ಬಾಲ ಎಳೆದುಕೊಂಡು ಅವಳ ಬಾಗಿಲಿಗೆ ಬಂದ. "ಮೈಯೆಲ್ಲ ನೋಯ್ತಿದೆ ಅಕ್ಕಾ. ಒಂದು ತಂಬಿಗೆ ಬಿಸಿನೀರು..."

"ನಿನ್ನ ತಗಡಿನ ಬಾಯ್ಲರುಗಳು ಅಂಗಡಿ ತುಂಬ ಇವೆಯಲ್ಲ" ಎಂದಳು ತುಂಗಕ್ಕ. ಬಾಗಿಲು ಹಾಕಿಕೊಂಡಳು.

ನೀತಿ: ಎಲ್ಲರಿಗೂ ಸೇರಿದ್ದನ್ನು ಬಚ್ಚಿಟ್ಟು ಇಲ್ಲ ಎನ್ನುವವನು ತಾನು ಪಾರಾಗುವ ದಾರಿಯನ್ನೇ ಮುಚ್ಚಿಕೊಳ್ಳುತ್ತಾನೆ.