ಆವಿಗೆಯ ಕಾವಿನಲ್ಲಿ ಹುಟ್ಟಿದ ಕೇರೆಮರಿಗಳು

ಭೂಮಿಯ ಮೇಲಿನ ಮಣ್ಣು ಇನ್ನೂ ಸರಿಯಾಗಿ ಒಣಗಿರದ ಕಾಲ ಅದು, ಪುಟ್ಟಿ. ಗಾಳಿ ಮಾತಾಡುತ್ತಿತ್ತು, ಹೊಳೆ ಮಾತಾಡುತ್ತಿತ್ತು, ಹಾವುಗಳಂತೂ ಬಾಯಿ ಮುಚ್ಚುತ್ತಲೇ ಇರಲಿಲ್ಲ.

ಆಗ ಕೇರೆಹಾವುಗಳೆಲ್ಲ ಒಂದೇ ಬಣ್ಣ, ಹಸಿ ಮಣ್ಣಿನ ಬಣ್ಣ. ರಜೆ ಸಿಕ್ಕರೆ ಸಾಕು, ಫೋನು ಹಿಡಿದು ಹಾವು ಹುಡುಕುತ್ತಾ ಅಲೆಯುವ ನಿನ್ನ ಸೋದರಮಾವ ಉಮಾಪತಿ ಆಗ ಇದ್ದಿದ್ದರೆ, ಒಂದೇ ಒಂದು ಫೋಟೋ ತೆಗೆದು ಸುಮ್ಮನೆ ಮನೆಗೆ ಬರುತ್ತಿದ್ದ.

ಒಂದು ಕೇರೆತಾಯಿ ಹತ್ತು ಮೊಟ್ಟೆ ಇಟ್ಟಳು. ಮಾರನೆಯ ದಿನವೇ ಜಡಿಮಳೆ ಹಿಡಿಯಿತು. ಎಂಟು ದಿನ ಬಿಡಲೇ ಇಲ್ಲ. ಮೊಟ್ಟೆಗಳು ತಣ್ಣಗಾದವು. ತಾಯಿ ಅವನ್ನು ಸುತ್ತಿಕೊಂಡು ಕೂತಳು, ಆದರೆ ಹಾವಿನ ಮೈಯಲ್ಲಿ ಕಾವು ಎಲ್ಲಿಂದ ಬರಬೇಕು? ಮರಿಗಳು ಒಳಗೇ ಸತ್ತುಹೋಗುತ್ತವೆ ಎಂದು ಅವಳಿಗೆ ತುಂಬಾ ಹೆದರಿಕೆಯಾಯಿತು.

"ಬಂಡೆಯಣ್ಣ, ನನ್ನ ಮೊಟ್ಟೆಗೆ ಒಂಚೂರು ಬಿಸಿ ಕೊಡ್ತೀಯಾ?"

"ಬಿಸಿಲು ಕಂಡು ನಂಗೇ ಎಂಟು ದಿನ ಆಯ್ತು," ಎಂದಿತು ಬಂಡೆ.

"ಹೊಳೆಯಕ್ಕ, ನನ್ನ ಮೊಟ್ಟೆಗೆ ಒಂಚೂರು ಬಿಸಿ ಕೊಡ್ತೀಯಾ?"

"ಮೊದ್ಲು ನನ್ನ ಮುಟ್ಟಿ ನೋಡು, ಆಮೇಲೆ ಕೇಳು," ಎಂದಿತು ಹೊಳೆ.

"ಗಾಳಿಯಣ್ಣ, ನೀನಾದ್ರೂ?"

"ನನ್ನ ಹತ್ರ ಇಲ್ಲ. ಆ ದಿಬ್ಬದ ಆಚೆ ಹೊಗೆ ವಾಸನೆ ಬಂತು, ಹೋಗಿ ನೋಡು," ಎಂದಿತು ಗಾಳಿ.

ದಿಬ್ಬದ ಆಚೆ ದ್ಯಾವಕ್ಕ ಎಂಬ ಕುಂಬಾರಗಿತ್ತಿ ಇದ್ದಳು. ಚಪ್ಪರದ ಕೆಳಗೆ ಅವಳು ಮಡಕೆ ಸುಡುವ ಆವಿಗೆ. ಬೆಂಕಿ ಆರಿತ್ತು, ಕಾವು ಆರಿರಲಿಲ್ಲ. ಹಾವನ್ನು ಕಂಡು ದ್ಯಾವಕ್ಕ ಹೌಹಾರಿದಳು.

"ಕಚ್ತೀಯಾ?"

"ಇಲ್ಲಕ್ಕ, ಇಲಿ ತಿನ್ತೀನಿ ಅಷ್ಟೆ," ಎಂದು ಕೇರೆತಾಯಿ ತನ್ನ ಕಷ್ಟ ಹೇಳಿಕೊಂಡಳು.

"ಹಂಗಾದ್ರೆ ಬಾರವ್ವ. ಮಡಕೆ ಮಾತ್ರ ಒಡೀಬೇಡ."

ದ್ಯಾವಕ್ಕನೇ ಹೋಗಿ ಮೊಟ್ಟೆಗಳನ್ನು ಮಡಿಲಲ್ಲಿ ತಂದಳು. ಆವಿಗೆಯಲ್ಲಿ ಜಾಗ ಇದ್ದ ಕಡೆ ಇಟ್ಟಳು. ನಾಲ್ಕು ಬೂದಿಯಲ್ಲಿ, ಮೂರು ಒಣಹುಲ್ಲಿನಲ್ಲಿ, ಎರಡು ಸುಟ್ಟ ಮಡಕೆಗಳ ನಡುವೆ. ಒಂದು ಉಳಿಯಿತು. ಅದನ್ನು ಹೊಗೆ ಕಟ್ಟಿಕೊಂಡಿದ್ದ ಮೂಲೆಗೆ ಸೇರಿಸಿದಳು. ಕಾವು ಇಳಿದಾಗಲೆಲ್ಲ ಒಂದಿಷ್ಟು ಹೊಟ್ಟು ಉರಿಸಿದಳು.

ಮಳೆ ನಿಂತು ಎಷ್ಟೋ ದಿನಗಳ ಮೇಲೆ ಮೊಟ್ಟೆಗಳು ಬಿರಿದವು. ಬೂದಿಯಿಂದ ಬೂದು ಮರಿಗಳು ಬಂದವು, ಹುಲ್ಲಿನಿಂದ ಹಳದಿ ಮರಿಗಳು, ಮಡಕೆಗಳ ನಡುವಿನಿಂದ ಕಂದು ಮರಿಗಳು. ಕೊನೆಗೆ ಮೂಲೆಯಿಂದ ಒಂದು ಕರಿ ಮರಿ ಕೆಮ್ಮುತ್ತಾ ಬಂತು.

ತಾಯಿ ಹಿಂದೆ ಸರಿದಳು.

"ಇವು ನನ್ನವಲ್ಲ. ಒಂದೂ ನನ್ನ ಹಾಗಿಲ್ಲ," ಎಂದು ಹೊರಟೇಬಿಟ್ಟಳು.

ಮೇಲೆ ಹದ್ದು ಆಗಲೇ ಸುತ್ತುತ್ತಿತ್ತು. ಬಿಲ ಎಲ್ಲಿದೆ ಎಂದು ಮರಿಗಳಿಗೆ ಗೊತ್ತಿರಲಿಲ್ಲ. ಅಮ್ಮ ಬಿಟ್ಟುಹೋಗಿದ್ದರೆ ಅವುಗಳ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ದ್ಯಾವಕ್ಕನಿಗೆ ಸಿಟ್ಟು ನೆತ್ತಿಗೇರಿತು. "ನಿಂತ್ಕಳೆ!" ಎಂದು ಕೂಗಿ, ಆವಿಗೆಯಿಂದ ಮೂರು ಮಡಕೆ ತಂದು ಅವಳ ಮುಂದೆ ಕುಕ್ಕಿದಳು. ಒಂದು ಕೆಂಪು, ಒಂದು ಕಂದು, ಒಂದು ಕಪ್ಪು.

"ಒಂದೇ ಗುಂಡಿ ಮಣ್ಣು. ನಾನೇ ತುಳಿದಿದ್ದು, ನಾನೇ ತಟ್ಟಿದ್ದು. ಉರಿ ತಗುಲಿದ್ದು ಕೆಂಪಾಯ್ತು, ಹೊಗೆ ಕುಡಿದಿದ್ದು ಕಪ್ಪಾಯ್ತು. ಇದರಾಗೆ ನಂದಲ್ಲದ್ದು ಯಾವ್ದು ಹೇಳು, ಈಗ್ಲೇ ಎಸೀತೀನಿ."

ತಾಯಿ ಮಡಕೆಗಳನ್ನು ನೋಡಿದಳು, ಮರಿಗಳನ್ನು ನೋಡಿದಳು. ಅಷ್ಟರಲ್ಲಿ ಕರಿ ಮರಿ ಹರಿದು ಬಂದು ಅವಳ ಮೈಮೇಲೆ ತಲೆ ಇಟ್ಟಿತು. ಕೇರೆತಾಯಿಗೆ ನಾಚಿಕೆಯಾಯಿತು. ಅಳುವೂ ಬಂತು.

"ಬನ್ನಿ," ಎಂದು ಹತ್ತನ್ನೂ ಕರೆದುಕೊಂಡು ಹೊರಟಳು. ಹದ್ದು ಕೆಳಗಿಳಿದು ಹಸಿ ಮಣ್ಣಿನ ಬಣ್ಣದ ಮರಿಗಳಿಗಾಗಿ ಹುಡುಕಿತು. ಒಂದೂ ಕಾಣಲಿಲ್ಲ. ಅಷ್ಟರಲ್ಲಿ ಎಲ್ಲ ಬಿಲ ಸೇರಿದ್ದವು.

ಮೊನ್ನೆ ಬಾವಿಯ ಹತ್ತಿರ ಕರಿ ಕೇರೆ ಕಂಡು ಉಮಾಪತಿ "ಹೊಸ ಜಾತಿ ಸಿಕ್ತು!" ಎಂದು ಕುಣಿದನಲ್ಲ, ಕುಣಿಯಲಿ ಬಿಡು. ಹೊಲದ ಬದುವಿನಲ್ಲಿ ನೀನು ನೋಡುವ ಹಳದಿ ಕೇರೆಗೂ ಅದಕ್ಕೂ ಮೂಲತಾಯಿ ಒಬ್ಬಳೇ, ಮೂಲೆಯಲ್ಲಿ ಹೊಗೆ ಕುಡಿದ ಆ ಹತ್ತನೆಯ ಮರಿಯ ಮೊಮ್ಮಗು ಅದು.